ಏರಿಳಿಯುವ ಎಲ್‌ಇಡಿ ಕಿಟ್: ಬೆಳಕು ಅರ್ಧಕ್ಕೆ ಬಂದು ನಿಂತರೆ ತಪ್ಪು ಬೆಸುಗೆಯದಲ್ಲ

ಕಲಬುರಗಿ ಸೂಪರ್ ಮಾರ್ಕೆಟ್ ಸುತ್ತಲಿನ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ “ಫೇಡಿಂಗ್ ಲೈಟ್ ಕಿಟ್ ಅದ ಏನ್ರಿ?” ಎಂದು ಕೇಳಿದರೆ ಸ್ಟೇಪ್ಲರ್ ಪಿನ್ ಹೊಡೆದ ಸಣ್ಣ ಪ್ಲಾಸ್ಟಿಕ್ ಪಾಕೀಟೊಂದು ಕೈಗೆ ಬರುತ್ತದೆ. ಮೇಲೆ ಕಂಪನಿಯ ಹೆಸರಿಲ್ಲ. ಬೆಲೆ 150 ರೂಪಾಯಿ ಆಸುಪಾಸು. ಒಳಗೆ 555 ಎಂಬ ಟೈಮರ್ ಐಸಿ ಒಂದು, ಒಂದು ಟ್ರಾನ್ಸಿಸ್ಟರ್, ನಾಲ್ಕು ಎಲ್‌ಇಡಿ. ಜೋಡಿಸಿ ಬ್ಯಾಟರಿ ಸಿಕ್ಕಿಸಿದರೆ ಎಲ್‌ಇಡಿಗಳು ಮಿಣುಕಬಾರದು, ಮೆಲ್ಲಗೆ ಹತ್ತಿ ಮೆಲ್ಲಗೆ ಆರಬೇಕು. ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ, ಡಿಪ್ಲೊಮಾ ಮೊದಲ ವರ್ಷದ ಪ್ರಾಜೆಕ್ಟಿಗೆ, ಮನೆಯ ಗಣಪತಿ ಮಂಟಪಕ್ಕೆ ಒಯ್ಯುವಂಥ ಸಾಮಾನು ಇದು.

ಮೊದಲೇ ಹೇಳಿಬಿಡುವುದು ಒಳ್ಳೆಯದು. ಕಿಟ್ ಕೊಳ್ಳಬಹುದು, ಆದರೆ ಪಾಕೀಟಿನಲ್ಲಿ ಬಂದ ಹಾಗೆಯೇ ಜೋಡಿಸಿದರೆ ಅದು ಕೆಲಸ ಮಾಡುವುದಿಲ್ಲ. ನಾಲ್ಕೂ ಎಲ್‌ಇಡಿ ಸುಮಾರು ಅರ್ಧ ಬೆಳಕಿಗೆ ಏರಿ ಅಲ್ಲೇ ನಿಂತುಬಿಡುತ್ತವೆ. ಹೊಸದಾಗಿ ಸೋಲ್ಡರಿಂಗ್ ಕಲಿಯುವ ಹುಡುಗ ಹುಡುಗಿಯರು ತಮ್ಮ ಬೆಸುಗೆಯೇ ಕೆಟ್ಟಿದೆ ಎಂದುಕೊಂಡು ಎಲ್ಲ ಕಾಲುಗಳನ್ನೂ ಮತ್ತೆ ಮತ್ತೆ ಕಾಯಿಸಿ ಬೋರ್ಡಿನ ತಾಮ್ರ ಎಬ್ಬಿಸಿಕೊಳ್ಳುತ್ತಾರೆ. ತಪ್ಪು ಅವರದಲ್ಲ. ಸರ್ಕ್ಯೂಟಿನ ಲೆಕ್ಕದಲ್ಲಿಯೇ ಒಂದು ಕೊರತೆ ಇದೆ. ಅದನ್ನು ಸರಿಪಡಿಸಲು 2 ರೂಪಾಯಿಯ ಇನ್ನೊಂದು ಟ್ರಾನ್ಸಿಸ್ಟರ್ ಸಾಕು.

ಪಾಕೀಟಿನಲ್ಲಿ ಏನೇನಿದೆ ನೋಡೋಣ. ಕಂದು ಬಣ್ಣದ ಒಂದೇ ಬದಿಯ ಬೋರ್ಡ್, 555 ಐಸಿ, ಅದನ್ನು ಸಿಕ್ಕಿಸಲು 8 ಕಾಲಿನ ಬೇಸ್ (ಸಾಕೆಟ್), 33 ಕೆ (ಕಿಲೊಓಮ್) ರೆಜಿಸ್ಟರ್ ಒಂದು, 220 ಓಮ್ ನಾಲ್ಕು, 47 ಎಂಎಫ್‌ಡಿ (ಮೈಕ್ರೊಫ್ಯಾರಡ್) 25 ವೋಲ್ಟ್ ಕೆಪಾಸಿಟರ್ ಒಂದು, ಬಿಸಿ547 ಟ್ರಾನ್ಸಿಸ್ಟರ್ ಒಂದು, 5 ಮಿಲಿಮೀಟರಿನ ಕೆಂಪು ಎಲ್‌ಇಡಿ ಎರಡು, ನೀಲಿ ಎರಡು, 9 ವೋಲ್ಟ್ ಬ್ಯಾಟರಿಯ ಕ್ಲಿಪ್, ಜೊತೆಗೆ ಒಂದು ಜೆರಾಕ್ಸ್ ಹಾಳೆ. ಬೇಸ್ ಕೊಟ್ಟಿರುವುದು ನಿಜಕ್ಕೂ ಮೆಚ್ಚುವ ಮಾತು, ಐಸಿಗೆ ನೇರ ಶಾಖ ತಾಗುವುದಿಲ್ಲ. ಕೊಡದೇ ಬಿಟ್ಟಿರುವುದು ಎರಡು ಸಣ್ಣ ಸೆರಾಮಿಕ್ ಕೆಪಾಸಿಟರ್. 104 ಮತ್ತು 103 ಎಂದು ಬರೆದಿರುವವು ಒಂದೊಂದು ಕೇಳಿ ತೆಗೆದುಕೊಳ್ಳಿ. ಅದೇ ಅಂಗಡಿಯಲ್ಲಿ “ಬಿಸಿ547 ಇನ್ನೊಂದ್ ಕೊಡ್ರಿ” ಎಂದು ಕೇಳಿ ಅದನ್ನೂ ಪಾಕೀಟಿಗೆ ಹಾಕಿಕೊಳ್ಳಿ. ಮನೆಗೆ ಹೋದ ಮೇಲೆ ಮತ್ತೆ ಮಾರ್ಕೆಟ್ಟಿಗೆ ಬರುವುದು ತಪ್ಪುತ್ತದೆ.

ಸರ್ಕ್ಯೂಟ್ ನಡೆಯುವ ಬಗೆ ಸರಳ. 555ರ ಒಳಗೆ 5 ಕೆಯ ಮೂರು ರೆಜಿಸ್ಟರ್ ಸಾಲಾಗಿ ಕೂತು ಬ್ಯಾಟರಿಯ ವೋಲ್ಟೇಜನ್ನು ಮೂರು ಸಮಪಾಲು ಮಾಡುತ್ತವೆ. ಹ್ಯಾನ್ಸ್ ಕ್ಯಾಮೆನ್‌ಜಿಂಡ್ 1971ರಲ್ಲಿ ಇದನ್ನು ರೂಪಿಸಿದರು, ಸಿಗ್ನೆಟಿಕ್ಸ್ ಕಂಪನಿ 1972ರಲ್ಲಿ ಮಾರುಕಟ್ಟೆಗೆ ತಂದಿತು. ಆ ಮೂರು ಪಾಲಿನ ಲೆಕ್ಕ ಇಂದಿಗೂ ಹಾಗೆಯೇ ಇದೆ. ಈ ಕಿಟ್‌ನಲ್ಲಿ 2 ಮತ್ತು 6ನೇ ಪಿನ್ ಒಂದಕ್ಕೊಂದು ಕೂಡಿವೆ. 3ನೇ ಪಿನ್‌ನಿಂದ 33 ಕೆ ಮೂಲಕ ಕರೆಂಟ್ ಬಂದು 47 ಎಂಎಫ್‌ಡಿ ಕೆಪಾಸಿಟರ್ ತುಂಬುತ್ತದೆ. ಬ್ಯಾಟರಿ 9 ವೋಲ್ಟ್ ಇದ್ದರೆ ಕೆಪಾಸಿಟರ್ 6 ವೋಲ್ಟ್ ಮುಟ್ಟಿದ ಕೂಡಲೇ 3ನೇ ಪಿನ್ ಕೆಳಗೆ ಬೀಳುತ್ತದೆ. ಆಗ ಕೆಪಾಸಿಟರ್ ಅದೇ 33 ಕೆ ಮೂಲಕ ಖಾಲಿಯಾಗುತ್ತ 3 ವೋಲ್ಟಿಗೆ ಇಳಿಯುತ್ತದೆ, ಪಿನ್ ಮತ್ತೆ ಮೇಲೇಳುತ್ತದೆ. ಕೆಪಾಸಿಟರಿನ ಈ ಏರಿಳಿತವನ್ನು ಟ್ರಾನ್ಸಿಸ್ಟರಿನ ಬೇಸ್ ಎಂಬ ಕಾಲು ಎತ್ತಿಕೊಂಡು, ಎಮಿಟರ್ ಎಂಬ ಕಾಲಿನ ಮೂಲಕ ಎಲ್‌ಇಡಿಗಳಿಗೆ ಕೊಡುತ್ತದೆ. ಒಂದೊಂದು ಎಲ್‌ಇಡಿಗೂ ಒಂದೊಂದು 220 ಓಮ್.

ಕಾಗದದ ಮೇಲೆ ಇದು ಚಂದ. ಹಾಳೆಯಲ್ಲಿ ಒಂದು ಸುತ್ತಿಗೆ 2 ಸೆಕೆಂಡು ಎಂದು ಬರೆದಿದ್ದಾರೆ. 33 ಕೆ ಮತ್ತು 47 ಎಂಎಫ್‌ಡಿ ಗುಣಿಸಿದರೆ 1.55, ಅದನ್ನು ಈ ಬಗೆಯ ಸರ್ಕ್ಯೂಟಿನ ಸ್ಥಿರಾಂಕ 1.386ರಿಂದ ಗುಣಿಸಿದರೆ 2.15 ಸೆಕೆಂಡು, ಸರಿಯೇ ಇದೆ ಎನಿಸುತ್ತದೆ. ಆದರೆ ಸಾಮಾನ್ಯ ಎನ್‌ಇ555ರ 3ನೇ ಪಿನ್ ಪೂರ್ತಿ 9 ವೋಲ್ಟಿಗೆ ಏರುವುದೇ ಇಲ್ಲ. ಅದರ ಒಳಗಿನ ಟ್ರಾನ್ಸಿಸ್ಟರುಗಳು ಒಂದೂವರೆ ವೋಲ್ಟಿನಷ್ಟು ತಿಂದು ಸುಮಾರು 7.5 ವೋಲ್ಟ್ ಹೊರಗೆ ಬಿಡುತ್ತವೆ. ಕೆಳಗೆ ಮಾತ್ರ ಹೆಚ್ಚು ಕಡಿಮೆ ಸೊನ್ನೆಗೇ ಬರುತ್ತದೆ. ಹೀಗಾಗಿ ಏರಲು 1.7 ಸೆಕೆಂಡು, ಇಳಿಯಲು 1.07 ಸೆಕೆಂಡು. ಬೆಳಕು ನಿಧಾನ ಏರಿ ಬೇಗ ಇಳಿಯುತ್ತದೆ ಎಂದು ಅನಿಸಿದರೆ ನಿಮ್ಮ ಕಣ್ಣು ಸರಿಯಾಗಿಯೇ ನೋಡಿದೆ.

ಈಗ ಮುಖ್ಯ ವಿಷಯ. ಕೆಪಾಸಿಟರ್ 6 ವೋಲ್ಟಿನ ಹತ್ತಿರ ಬಂದಾಗ 33 ಕೆ ಮೇಲೆ ಉಳಿಯುವುದು ಒಂದೂವರೆ ವೋಲ್ಟ್ ಮಾತ್ರ. ಅಂದರೆ ಆ ಹೊತ್ತಿಗೆ ಕೆಪಾಸಿಟರಿಗೆ ಬರುತ್ತಿರುವ ಕರೆಂಟ್ 45 ಮೈಕ್ರೊಆಂಪ್. ಅಷ್ಟೇ ಹೊತ್ತಿಗೆ ಎಲ್‌ಇಡಿಗಳು ಎಷ್ಟು ಕೇಳುತ್ತಿವೆ ನೋಡಿ. ಬೇಸ್ 6 ವೋಲ್ಟ್ ಇದ್ದರೆ ಎಮಿಟರ್ 5.3 ವೋಲ್ಟ್. ಒಂದು ಕೆಂಪು ಎಲ್‌ಇಡಿ 1.9 ವೋಲ್ಟ್ ಇಟ್ಟುಕೊಂಡು 15 ಮಿಲಿಆಂಪ್ ಎಳೆಯುತ್ತದೆ, ನೀಲಿ 3 ವೋಲ್ಟ್ ಇಟ್ಟುಕೊಂಡು 10 ಮಿಲಿಆಂಪ್. ಎರಡೆರಡು ಸೇರಿ 50 ಮಿಲಿಆಂಪ್. ಬಿಸಿ547ರ ಗೇನ್, ಅಂದರೆ ಬೇಸಿನ ಕರೆಂಟನ್ನು ಅದು ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬುದು, 290 ಎಂದು ಹಿಡಿದರೂ ಇದಕ್ಕೆ ಬೇಸ್‌ನಿಂದ 170 ಮೈಕ್ರೊಆಂಪಿಗೂ ಹೆಚ್ಚು ಬೇಕು. ಬರುತ್ತಿರುವುದು 45, ಸೋರಿ ಹೋಗಬೇಕಾದದ್ದು 170. ಕೊಡ ತುಂಬುವುದು ಹೇಗೆ? ಲೆಕ್ಕ ಹಾಕಿದರೆ ಕೆಪಾಸಿಟರ್ ಸುಮಾರು 4.5 ವೋಲ್ಟಿನಲ್ಲಿ ನಿಲ್ಲುತ್ತದೆ. ಅಲ್ಲಿ ಬರುವ ಕರೆಂಟೂ ಹೋಗುವ ಕರೆಂಟೂ ಸರಿಸಮ. 6 ವೋಲ್ಟ್ ಮುಟ್ಟದ ಮೇಲೆ 555ರ 3ನೇ ಪಿನ್ ಕೆಳಗೆ ಬೀಳುವುದೇ ಇಲ್ಲ. ಎಲ್‌ಇಡಿಗಳು ಅರ್ಧ ಬೆಳಕಿನಲ್ಲಿ ಸುಮ್ಮನೆ ಉರಿಯುತ್ತ ಕೂರುತ್ತವೆ.

ಕಡಿಮೆ ಎಲ್‌ಇಡಿ ಹಾಕಿ ನೋಡಿದಾಗ ಒಬ್ಬರ ಕಿಟ್ ನಡೆದು ಇನ್ನೊಬ್ಬರದು ನಡೆಯದಿರಲು ಕಾರಣವೂ ಇದೇ. ಬಿಸಿ547ರ ಹೆಸರಿನ ಮುಂದೆ ಎ, ಬಿ, ಸಿ ಎಂಬ ಅಕ್ಷರ ಇರುತ್ತದೆ. ಎ ಆದರೆ ಗೇನ್ 110ರಿಂದ 220, ಬಿ ಆದರೆ 200ರಿಂದ 450, ಸಿ ಆದರೆ 420ರಿಂದ 800. ಒಂದೇ ನೀಲಿ ಎಲ್‌ಇಡಿ ಹಾಕಿದರೆ ಬಿ ಗುಂಪಿನ ಟ್ರಾನ್ಸಿಸ್ಟರಿನಲ್ಲಿ ಸಾಮಾನ್ಯವಾಗಿ ನಡೆಯುತ್ತದೆ. ಒಂದೇ ಕೆಂಪು ಹಾಕಿದರೆ ಅಂಚಿನಲ್ಲಿದೆ, 290 ಗೇನ್ ಇದ್ದರೆ 5.8 ವೋಲ್ಟಿನಲ್ಲಿ ಸಿಕ್ಕಿಕೊಳ್ಳುತ್ತದೆ, 400 ಇದ್ದರೆ ದಾಟುತ್ತದೆ. ನಾಲ್ಕು ಎಲ್‌ಇಡಿಯನ್ನು ಒಂಟಿ ಬಿಸಿ547 ಮೇಲೆ ಹೊರಿಸಿ ಕಿಟ್ ಮಾಡಿದವರು ಈ ಲೆಕ್ಕ ಹಾಕಿಲ್ಲ. ಕಲಿಯುವವರ ಕೈಗೆ ಕೊಡುವ ಸಾಮಾನಿನಲ್ಲಿ ಇದು ಆಗಬಾರದಿತ್ತು.

ನಿಮ್ಮ ಬೋರ್ಡಿನಲ್ಲಿ ಇದೇ ತೊಂದರೆಯೇ ಎಂದು ತಿಳಿಯಲು ಒಂದು ನಿಮಿಷದ ಪರೀಕ್ಷೆ ಇದೆ. ಮಲ್ಟಿಮೀಟರ್ 20 ವೋಲ್ಟ್ ಡಿಸಿಗೆ ಇಟ್ಟು, ಕಪ್ಪು ಕಡ್ಡಿ 1ನೇ ಪಿನ್‌ಗೆ, ಕೆಂಪು ಕಡ್ಡಿ 3ನೇ ಪಿನ್‌ಗೆ. ಅಲುಗಾಡದೆ 7.5ರ ಹತ್ತಿರ ನಿಂತಿದ್ದರೆ ಮತ್ತು ಎಲ್‌ಇಡಿ ಒಂದೇ ಸಮನೆ ಉರಿಯುತ್ತಿದ್ದರೆ, ಟ್ರಾನ್ಸಿಸ್ಟರಿನ ನಡುಗಾಲು, ಅಂದರೆ ಬೇಸ್, ಬೋರ್ಡಿನಿಂದ ಬಿಡಿಸಿ. ಎಲ್‌ಇಡಿ ಆರುತ್ತವೆ, ಅದಿರಲಿ, ಮೀಟರ್ ನೋಡಿ. 3ನೇ ಪಿನ್ ಒಂದೆರಡು ಸೆಕೆಂಡಿಗೊಮ್ಮೆ 7.5ಕ್ಕೂ ಸೊನ್ನೆಗೂ ಜಿಗಿಯತೊಡಗಿದರೆ 555 ಸರಿ, ಕೆಪಾಸಿಟರ್ ಸರಿ, ರೆಜಿಸ್ಟರ್ ಸರಿ. ಬೇಸ್ ಕರೆಂಟ್ ತಿನ್ನುತ್ತಿತ್ತು ಎಂಬುದು ಖಾತ್ರಿ. ಹಾಗೆ ಬಿಡಿಸಿದ ಮೇಲೂ ಜಿಗಿಯದಿದ್ದರೆ ಬೇರೆ ಕಡೆ ಹುಡುಕಬೇಕು, ಅದನ್ನು ಮುಂದೆ ಹೇಳುತ್ತೇನೆ. ಒಂದು ಎಚ್ಚರಿಕೆ: ಕೆಪಾಸಿಟರಿನ ಮೇಲೆ ನೇರ ಮೀಟರ್ ಇಡಬೇಡಿ. ಡಿಟಿ830 ಬಗೆಯ ಅಗ್ಗದ ಹಳದಿ ಮೀಟರಿನ ಒಳ ರೆಸಿಸ್ಟೆನ್ಸ್ 1 ಮೆಗಾಓಮ್. 6 ವೋಲ್ಟಿನಲ್ಲಿ ಮೀಟರೇ 6 ಮೈಕ್ರೊಆಂಪ್ ಕುಡಿಯುತ್ತದೆ. 45ರಲ್ಲಿ 6 ಎಂದರೆ ಅಂಚಿನಲ್ಲಿರುವ ಸರ್ಕ್ಯೂಟ್ ನಿಲ್ಲಲು ಸಾಕು. ಎಮಿಟರಿನಲ್ಲಿ ಅಳೆದು 0.7 ಕೂಡಿಸಿಕೊಳ್ಳಿ.

ಪರಿಹಾರ ಎರಡು ಟ್ರಾನ್ಸಿಸ್ಟರುಗಳ ಜೋಡಿ, ಡಾರ್ಲಿಂಗ್ಟನ್ ಎನ್ನುತ್ತಾರೆ. ಮೊದಲನೆಯದರ ಎಮಿಟರ್ ಎರಡನೆಯದರ ಬೇಸ್‌ಗೆ, ಎರಡರ ಕಲೆಕ್ಟರೂ ಪ್ಲಸ್‌ಗೆ, ಎರಡನೆಯದರ ಎಮಿಟರ್ ಎಲ್‌ಇಡಿಗಳಿಗೆ. ಗೇನ್ ಗೇನ್ ಗುಣಿಸಿ ಹತ್ತಾರು ಸಾವಿರವಾಗುವುದರಿಂದ ಕೆಪಾಸಿಟರಿನಿಂದ ಕೇಳುವುದು 1 ಮೈಕ್ರೊಆಂಪಿನ ಆಸುಪಾಸು. ಬೋರ್ಡಿನಲ್ಲಿ ಇರುವುದು ಮೂರೇ ರಂಧ್ರ, ಆದ್ದರಿಂದ ಹೀಗೆ ಮಾಡಿ. ಚಪ್ಪಟೆ ಮುಖ ನಿಮ್ಮ ಕಡೆ, ಕಾಲು ಕೆಳಗೆ ಹಿಡಿದರೆ ಬಿಸಿ547ರ ಎಡಗಡೆಯದು ಕಲೆಕ್ಟರ್, ನಡುವಿನದು ಬೇಸ್, ಬಲಗಡೆಯದು ಎಮಿಟರ್. ಮೊದಲನೆಯದರ ಕಲೆಕ್ಟರ್, ಬೇಸ್ ಎರಡನ್ನು ಅವುಗಳ ರಂಧ್ರಕ್ಕೇ ಇಳಿಸಿ. ಎಮಿಟರ್ ಕಾಲನ್ನು ಇಳಿಸದೆ ಮೇಲಕ್ಕೆ ಮಡಚಿ. ಎರಡನೆಯದರ ಎಮಿಟರನ್ನು ಖಾಲಿ ಉಳಿದ ಎಮಿಟರ್ ರಂಧ್ರಕ್ಕೆ ಇಳಿಸಿ, ಅದರ ಬೇಸ್ ಕಾಲನ್ನು ಮೇಲೆ ಮಡಚಿದ ಕಾಲಿಗೆ ಸುತ್ತಿ ಬೆಸೆಯಿರಿ. ಅದರ ಕಲೆಕ್ಟರಿಗೆ ಒಂದಿಂಚು ವೈರ್ ಹಚ್ಚಿ 555ರ 8ನೇ ಪಿನ್ನಿನ ತಾಮ್ರಕ್ಕೆ ಒಯ್ಯಿರಿ. ಮಡಚಿದ ಕಾಲು ಪಕ್ಕದ ಕಲೆಕ್ಟರಿಗೆ ತಾಗಿದರೆ ಎಲ್‌ಇಡಿಗಳು ಪೂರ್ತಿ ಬೆಳಕಿನಲ್ಲಿ ನಿಂತುಬಿಡುತ್ತವೆ. ಹಳೆಯ ಟೆಲಿಫೋನ್ ವೈರಿನ ಮೇಲಿನ ಪ್ಲಾಸ್ಟಿಕನ್ನು ಕೊಳವೆಯಂತೆ ಎಳೆದು ಆ ಕಾಲಿಗೆ ತೊಡಿಸಿದರೆ ಚಿಂತೆ ಇಲ್ಲ. ಬಿಸಿ517 ಸಿಕ್ಕರೆ ಇಷ್ಟೂ ಕಷ್ಟವಿಲ್ಲ. ಅದರೊಳಗೇ ಎರಡು ಟ್ರಾನ್ಸಿಸ್ಟರ್ ಇವೆ, ಕಾಲುಗಳ ಕ್ರಮವೂ ಬಿಸಿ547ರದ್ದೇ.

ಡಾರ್ಲಿಂಗ್ಟನ್‌ನಿಂದ ಇನ್ನೊಂದು ಲಾಭ. ಒಂಟಿ ಟ್ರಾನ್ಸಿಸ್ಟರ್ ಇದ್ದಾಗ ಕೆಪಾಸಿಟರ್ 3 ವೋಲ್ಟಿಗೆ ಇಳಿದರೂ ಎಮಿಟರಿನಲ್ಲಿ 2.3 ವೋಲ್ಟ್ ಉಳಿಯುತ್ತದೆ. ಕೆಂಪು ಎಲ್‌ಇಡಿಗೆ ಅದು ಹತ್ತಲು ಸಾಕು, ಹೀಗಾಗಿ ಅದು ಎಂದೂ ಪೂರ್ತಿ ಆರುವುದಿಲ್ಲ. “ಕೆಂಪು ಬಂದ್ ಆಗವಲ್ಲದು” ಎನ್ನುವ ದೂರು ಇದೇ. ಜೋಡಿ ಹಾಕಿದ ಮೇಲೆ ಎರಡು ಬಾರಿ 0.7 ಕಳೆದು 1.6 ವೋಲ್ಟಿಗೆ ಇಳಿಯುತ್ತದೆ, ಕೆಂಪು ಆರುತ್ತದೆ. ಕತ್ತಲೆ ಕೋಣೆಯಲ್ಲಿ ಕಣ್ಣಿಟ್ಟು ನೋಡಿದರೆ ಒಂದು ಸಣ್ಣ ಕೆಂಡದಷ್ಟು ಕಾಣಬಹುದು, ಅಷ್ಟೇ. ಮೇಲಿನ ತುದಿಯಲ್ಲಿ ಎಮಿಟರ್ 4.6 ವೋಲ್ಟ್, ಕೆಂಪಿಗೆ 12 ಮಿಲಿಆಂಪ್, ನೀಲಿಗೆ 7. ನಾಲ್ಕೂ ಸೇರಿ 40ಕ್ಕಿಂತ ಕಡಿಮೆ. ಬಿಸಿ547 ತಾಳುವುದು 100 ಮಿಲಿಆಂಪ್, ಆದ್ದರಿಂದ ಬಿಸಿಯಾಗುವ ಭಯವಿಲ್ಲ.

ನೀಲಿ ತುಸು ಮಂಕು ಎನಿಸಿದರೆ ಅದರ 220 ಓಮ್ ತೆಗೆದು 120 ಓಮ್ ಹಾಕಿ, 13 ಮಿಲಿಆಂಪ್ ಬರುತ್ತದೆ. ಆದರೂ ಕೆಂಪು ಮೊದಲು ಹತ್ತಿ ಕೊನೆಗೆ ಆರುತ್ತದೆ, ನೀಲಿ ತಡವಾಗಿ ಹತ್ತಿ ಬೇಗ ಆರುತ್ತದೆ. ಅದು ಎಲ್‌ಇಡಿಗಳ ಗುಣ. ನಾಲ್ಕೂ ಒಂದೇ ಬಣ್ಣದವು ಹಾಕಿದರೆ ನೋಡಲು ಬಹಳ ಚಲೋ. ಕಿಟ್ ಮಾಡುವವರು ಎರಡು ಬಣ್ಣ ಬೆರೆಸಿ ಕೊಡುವುದನ್ನು ಬಿಡಬೇಕು.

33 ಕೆ ತೆಗೆದು 10 ಕೆ ಹಾಕಿದರೆ ಸಾಕು ಎಂದು ಹೇಳುವವರಿದ್ದಾರೆ. ಅರ್ಧ ನಿಜ. 10 ಕೆ ಹಾಕಿದರೆ ಮೇಲಿನ ತುದಿಯಲ್ಲಿ 150 ಮೈಕ್ರೊಆಂಪ್ ಸಿಗುತ್ತದೆ. ಒಂದು ಕೆಂಪು, ಒಂದು ನೀಲಿಗೆ ಬೇಕಾದದ್ದು 90ರ ಸುತ್ತ, ಆ ಎರಡು ನಡೆಯುತ್ತವೆ. ನಾಲ್ಕಕ್ಕೆ 170 ಬೇಕು, ಮತ್ತೆ ಸಿಕ್ಕಿಕೊಳ್ಳುತ್ತದೆ. ಅಲ್ಲದೆ ವೇಗ ಮೂರು ಪಟ್ಟಾಗುವುದರಿಂದ 47ರ ಪಕ್ಕಕ್ಕೆ 100 ಎಂಎಫ್‌ಡಿಯದನ್ನೂ ಸೇರಿಸಬೇಕು. 7555 ಎಂಬ ಸಿಮಾಸ್ ಐಸಿ (555ರದೇ ಕಡಿಮೆ ಕರೆಂಟಿನ ರೂಪ) ಹಾಕಿದರೆ 3ನೇ ಪಿನ್ 9 ವೋಲ್ಟಿನ ಹತ್ತಿರಕ್ಕೇ ಏರುತ್ತದೆ, ಏರುವುದೂ ಇಳಿಯುವುದೂ ಸಮನಾಗುತ್ತದೆ, ಬ್ಯಾಟರಿಯೂ ಉಳಿಯುತ್ತದೆ. ಆದರೂ ಅಲ್ಲಿ ಸಿಗುವುದು 90 ಮೈಕ್ರೊಆಂಪ್. ನಾಲ್ಕು ಎಲ್‌ಇಡಿಗೆ ಅದೂ ಸಾಲದು. ಹೈದರಾಬಾದಿನ ಕೋಠಿ ಕಡೆ ಹೋದಾಗ ಗುಜರಾತಿ ಗಲ್ಲಿಯಲ್ಲಿ ಸಿಕ್ಕರೆ ತಂದಿಡಿ, ಇದಕ್ಕಾಗಿಯೇ ಬಸ್ ಹತ್ತುವುದು ಬೇಡ.

ಪಾಕೀಟಿನ ಮೇಲೆ “5ರಿಂದ 12 ವೋಲ್ಟ್” ಎಂದು ಅಚ್ಚು ಹಾಕಿದ್ದಾರೆ. 5 ವೋಲ್ಟಿನ ಮಾತು ಸುಳ್ಳು. ಮೊಬೈಲ್ ಚಾರ್ಜರಿಗೆ ಹಚ್ಚಿದರೆ ಕೆಪಾಸಿಟರ್ ಏರುವುದು 3.33 ವೋಲ್ಟಿನ ತನಕ ಮಾತ್ರ. ಒಂಟಿ ಟ್ರಾನ್ಸಿಸ್ಟರಿನಲ್ಲಿ ಎಮಿಟರ್ 2.6, ನೀಲಿ ಹತ್ತುವುದೇ ಇಲ್ಲ. ಎನ್‌ಇ555ರ 3ನೇ ಪಿನ್ 3.6ರ ಹತ್ತಿರವೇ ನಿಲ್ಲುವುದರಿಂದ ಕೆಪಾಸಿಟರಿಗೆ ಕೊನೆಯಲ್ಲಿ ಸಿಗುವುದು 8 ಮೈಕ್ರೊಆಂಪ್, ಒಂದು ಮಂಕು ಕೆಂಪು ಎಲ್‌ಇಡಿಯ ಬೇಸ್ ಕರೆಂಟಿಗೂ ಅದು ಸಾಲದು. ಡಾರ್ಲಿಂಗ್ಟನ್ ಹಾಕಿದರೆ ಎಮಿಟರ್ ಇನ್ನೂ ಕೆಳಗೆ, 1.9ಕ್ಕೆ ಬಂದು ಕೆಂಪೂ ಕಾಣದಂತಾಗುತ್ತದೆ. ಪವರ್ ಬ್ಯಾಂಕಿನಲ್ಲಿ ಇನ್ನೊಂದು ತಾಪತ್ರಯ: ಇಷ್ಟು ಕಡಿಮೆ ಕರೆಂಟ್ ಎಳೆದರೆ ಏನೂ ಸಿಕ್ಕಿಸಿಲ್ಲವೆಂದು ಬಗೆದು ಎಷ್ಟೋ ಪವರ್ ಬ್ಯಾಂಕುಗಳು ತಾವೇ ಬಂದ್ ಆಗುತ್ತವೆ. 9 ವೋಲ್ಟ್ ಕೊಡಿ, ಇಲ್ಲವೇ 12.

12 ವೋಲ್ಟಿಗೆ ಹಳೆಯ ವೈಫೈ ರೌಟರಿನ ಅಡಾಪ್ಟರ್ ಒಳ್ಳೆಯದು. ಆಗ ಕೆಪಾಸಿಟರ್ 4 ಮತ್ತು 8 ವೋಲ್ಟಿನ ನಡುವೆ ಓಡಾಡುತ್ತದೆ, ಡಾರ್ಲಿಂಗ್ಟನ್ ಎಮಿಟರ್ 2.6 ಮತ್ತು 6.6ರ ನಡುವೆ. ಒಂಟಿ ಕೆಂಪು ಮತ್ತೆ ಆರದೆ ಉಳಿಯುತ್ತದೆ, ಆದ್ದರಿಂದ ಎರಡು ಕೆಂಪನ್ನು ಒಂದರ ಹಿಂದೆ ಒಂದು ಹಚ್ಚಿ ಅವುಗಳಿಗೆ ಒಂದೇ 220 ಓಮ್ ಕೊಡಿ. ಎರಡಕ್ಕೂ ಸೇರಿ 3.8 ವೋಲ್ಟ್ ಬೇಕಾಗುವುದರಿಂದ ಕೆಳಗೆ ಪೂರ್ತಿ ಆರಿ, ಮೇಲೆ 12 ಮಿಲಿಆಂಪಿಗೆ ಬರುತ್ತವೆ. ನೀಲಿ ಒಂಟಿಯಾಗಿಯೇ ಇರಲಿ. ಹಳೆಯ ಟ್ರಾನ್ಸ್‌ಫಾರ್ಮರ್ ಎಲಿಮಿನೇಟರ್ ಮಾತ್ರ ಅಳೆಯದೆ ಹಚ್ಚಬೇಡಿ. ಮೇಲೆ 12 ಎಂದಿದ್ದರೂ ಏನೂ ಹಚ್ಚದಿದ್ದಾಗ 16, 17 ವೋಲ್ಟ್ ಕೊಡುವಂಥವು ಇವೆ. 555ಕ್ಕೆ 16 ವೋಲ್ಟೇ ಮಿತಿ. ಮನೆಯ 230 ವೋಲ್ಟ್ ಸೀರಿಯಲ್ ಸೆಟ್ಟಿಗೆ ಈ ಬೋರ್ಡನ್ನು ಯಾವ ಕಾರಣಕ್ಕೂ ಜೋಡಿಸಬಾರದು.

ಮಂಟಪಕ್ಕೆ ಹಾಕುವ 12 ವೋಲ್ಟಿನ ಎಲ್‌ಇಡಿ ಪಟ್ಟಿಯನ್ನು ಇದಕ್ಕೆ ಹಚ್ಚಬಹುದೇ? ಆಗುವುದಿಲ್ಲ. ಪಟ್ಟಿಯಲ್ಲಿ ಮೂರು ಮೂರು ಎಲ್‌ಇಡಿ ಸಾಲಾಗಿವೆ, ಬಿಳಿ ಪಟ್ಟಿ ಹತ್ತಲು 8 ವೋಲ್ಟಿನಷ್ಟಾದರೂ ಬೇಕು. ನಮ್ಮ ಎಮಿಟರ್ 6.6 ದಾಟುವುದಿಲ್ಲ. ಎಷ್ಟು ದೊಡ್ಡ ಟ್ರಾನ್ಸಿಸ್ಟರ್ ಹಾಕಿದರೂ ಪಟ್ಟಿ ಕಪ್ಪಾಗಿಯೇ ಇರುತ್ತದೆ. ಅದಕ್ಕೆ ಮಾಸ್‌ಫೆಟ್ ಎಂಬ ಬೇರೆ ಬಗೆಯ ಟ್ರಾನ್ಸಿಸ್ಟರ್ ಇದ್ದು, ಬೆಳಕನ್ನು ಅತಿ ವೇಗವಾಗಿ ಹತ್ತಿಸಿ ಆರಿಸಿ ಏರಿಳಿಸುವ ಪಿಡಬ್ಲ್ಯೂಎಂ ಬೋರ್ಡ್ ಬೇರೆಯೇ ಬೇಕು.

ಇನ್ನು ಉಳಿದ ತೊಂದರೆಗಳು. ಟ್ರಾನ್ಸಿಸ್ಟರಿನ ಬೇಸ್ ಕಾಲು ಬಿಡಿಸಿದ ಮೇಲೂ 3ನೇ ಪಿನ್ ಜಿಗಿಯದಿದ್ದರೆ ಮೊದಲು ರೆಜಿಸ್ಟರಿನ ಬಣ್ಣ ನೋಡಿ, ಅದೂ ಹಗಲು ಬೆಳಕಿನಲ್ಲಿ. 33 ಕೆ ಎಂದರೆ ಕಿತ್ತಳೆ, ಕಿತ್ತಳೆ, ಕಿತ್ತಳೆ. ಮೂರನೆಯದು ಕೆಂಪಾಗಿದ್ದರೆ 3.3 ಕೆ, ಹಳದಿಯಾಗಿದ್ದರೆ 330 ಕೆ. ಹಳದಿ ಬೆಳಕಿನ ಬಲ್ಬಿನ ಕೆಳಗೆ ಈ ಮೂರೂ ಒಂದೇ ತರಹ ಕಾಣುತ್ತವೆ. 3.3 ಕೆ ಬಿದ್ದಿದ್ದರೆ ಬೆಳಕು ಸೆಕೆಂಡಿಗೆ ಮೂರು ನಾಲ್ಕು ಸಲ ಪಟಪಟ ಎನ್ನುತ್ತದೆ. 330 ಕೆ ಬಿದ್ದಿದ್ದರೆ ಒಂದು ಏರಿಳಿತಕ್ಕೆ ಅರ್ಧ ನಿಮಿಷದ ಹತ್ತಿರ ಹೋಗುತ್ತದೆ, ಅದೂ ಎಲ್ಲ ಸರಿಯಿದ್ದರೆ. ಐದು ಪಟ್ಟಿಯ ನೀಲಿ ರೆಜಿಸ್ಟರ್ ಬಂದಿದ್ದರೆ 33 ಕೆ ಎಂದರೆ ಕಿತ್ತಳೆ, ಕಿತ್ತಳೆ, ಕಪ್ಪು, ಕೆಂಪು, ಕೊನೆಗೆ ಕಂದು. ಅನುಮಾನವಿದ್ದರೆ ಬೆಸೆಯುವ ಮುಂಚೆ ಮೀಟರಿನಲ್ಲಿ ಅಳೆದುಬಿಡಿ.

ರೆಜಿಸ್ಟರ್ ಸರಿಯಿದ್ದರೆ ಕೆಪಾಸಿಟರ್ ಮೇಲೆ ಅನುಮಾನ ಪಡಿ. ಮೈಮೇಲೆ ಪಟ್ಟಿ ಇರುವ ಕಡೆ ಮೈನಸ್. ಅದು ತಿರುವು ಮುರುವಾದರೆ ಕರೆಂಟ್ ಸೋರಿ ಸರ್ಕ್ಯೂಟ್ ನಿಲ್ಲುತ್ತದೆ. ಸರಿಯಾಗಿ ಹಾಕಿದ್ದರೂ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ತುಸು ಸೋರುತ್ತದೆ. 47 ಎಂಎಫ್‌ಡಿ 25 ವೋಲ್ಟಿನದಕ್ಕೆ ಸಾಮಾನ್ಯವಾಗಿ ಒಪ್ಪುವ ಮಿತಿ 12 ಮೈಕ್ರೊಆಂಪ್. ನಮ್ಮ 45ರಲ್ಲಿ ಅದು ಕಾಲುಭಾಗಕ್ಕಿಂತ ಹೆಚ್ಚು! ಶಾಖ ಏರಿದಷ್ಟೂ ಸೋರಿಕೆ ಏರುತ್ತದೆ. ಮೇ ತಿಂಗಳ ಕಲಬುರಗಿಯಲ್ಲಿ ತಗಡಿನ ಮಾಳಿಗೆಯ ಕೆಳಗೆ ಇಟ್ಟ ಬೋರ್ಡ್ ಮಧ್ಯಾಹ್ನ ನಿಂತು ರಾತ್ರಿ ನಡೆದರೆ ಆಶ್ಚರ್ಯವೇನಿಲ್ಲ. 105 ಡಿಗ್ರಿ ಎಂದು ಮುದ್ರಿಸಿದ ಹೊಸ ಕೆಪಾಸಿಟರ್ ಹಾಕಿ, 85 ಡಿಗ್ರಿಯದಕ್ಕಿಂತ ಬಾಳಿಕೆ ಹೆಚ್ಚು. ವರ್ಷಗಟ್ಟಲೆ ಡಬ್ಬಿಯಲ್ಲಿ ಬಿದ್ದದ್ದಾದರೆ ಅರ್ಧ ಗಂಟೆ 9 ವೋಲ್ಟಿಗೆ 10 ಕೆ ಮೂಲಕ ಹಚ್ಚಿಟ್ಟರೆ ಸೋರಿಕೆ ಬಹಳಷ್ಟು ತಗ್ಗುತ್ತದೆ.

ಕೆಲವು ಪಾಕೀಟಿನಲ್ಲಿ ಬಿಸಿ547 ಬದಲು ಎಸ್8050 ಬರುತ್ತದೆ. ಟ್ರಾನ್ಸಿಸ್ಟರ್ ಕೆಟ್ಟದ್ದಲ್ಲ, ಆದರೆ ಕಾಲುಗಳ ಕ್ರಮ ಉಲ್ಟಾ: ಎಡಗಡೆ ಎಮಿಟರ್, ಬಲಗಡೆ ಕಲೆಕ್ಟರ್. ಬೋರ್ಡಿನ ಚಿತ್ರದಂತೆಯೇ ಕೂರಿಸಿದರೆ ಗೇನ್ ನೂರಾರಿನಿಂದ ಬೆರಳೆಣಿಕೆಗೆ ಇಳಿದು ಒಂದು ಎಲ್‌ಇಡಿಯೂ ಸರಿಯಾಗಿ ಹತ್ತುವುದಿಲ್ಲ. ಅರ್ಧ ಸುತ್ತು ತಿರುಗಿಸಿ ಹಾಕಬೇಕು. ಮೈಮೇಲಿನ ಅಕ್ಷರ ಅಳಿಸಿದ್ದರೆ ಮೀಟರನ್ನು ಡಯೋಡ್ ಚಿಹ್ನೆಗೆ ಇಟ್ಟು, ಕೆಂಪು ಕಡ್ಡಿ ನಡುಗಾಲಿಗೆ, ಕಪ್ಪು ಕಡ್ಡಿ ಎರಡೂ ಬದಿಗೆ ತಾಗಿಸಿ. ಎರಡೂ ಕಡೆ 600, 700ರ ಆಸುಪಾಸು ಬರುತ್ತದೆ. ತುಸು ಹೆಚ್ಚು ತೋರಿಸಿದ್ದು ಎಮಿಟರ್.

555ರ ಕಚ್ಚು ಅದರ ಸಾಕೆಟ್ಟಿನ ಕಚ್ಚಿನ ಕಡೆಗೇ ಇರಲಿ. ಉಲ್ಟಾ ಕೂತರೆ ಸರ್ಕ್ಯೂಟ್ ನಡೆಯುವುದಿಲ್ಲ, ಐಸಿಯೂ ಕೆಡಬಹುದು. 104 ಕೆಪಾಸಿಟರನ್ನು ಬೋರ್ಡಿನ ಕೆಳಗೆ 8 ಮತ್ತು 1ರ ನಡುವೆ ಆದಷ್ಟು ಗಿಡ್ಡ ಕಾಲಿನಲ್ಲಿ ಹಚ್ಚಿ, 103ನ್ನು 5 ಮತ್ತು 1ರ ನಡುವೆ. ಎನ್‌ಇ555 ತಿರುಗುವ ಕ್ಷಣದಲ್ಲಿ ಬ್ಯಾಟರಿಯಿಂದ ಒಮ್ಮೆಲೇ ಕರೆಂಟ್ ಜಗ್ಗುತ್ತದೆ. ಬ್ಯಾಟರಿ ಬಳಲಿದ್ದರೆ ಆ ಜಗ್ಗಾಟಕ್ಕೆ ಬೆಳಕು ತುದಿಯಲ್ಲಿ ಒಮ್ಮೆ ನಡುಗಿದಂತೆ ಕಾಣುತ್ತದೆ. ಈ ಎರಡು ಬಿಲ್ಲೆಗಳಿದ್ದರೆ ಅದು ನಿಲ್ಲುತ್ತದೆ.

ಬೆಸುಗೆಯ ಬಗ್ಗೆ ನಮ್ಮ ಕಡೆಯವರಿಗೆ ಬೇಕಾದ ಒಂದು ಮಾತು. 25 ವ್ಯಾಟಿನ ಸೋಲ್ಡರಿಂಗ್ ಐರನ್ 230 ವೋಲ್ಟಿನಲ್ಲಿ 25 ವ್ಯಾಟ್. ಸಂಜೆ ಹಳ್ಳಿಯಲ್ಲಿ ಕರೆಂಟ್ 180 ವೋಲ್ಟಿಗೆ ಇಳಿದರೆ ಅದೇ ಐರನ್ ಕೊಡುವುದು 15 ವ್ಯಾಟ್ ಮಾತ್ರ. ಸೋಲ್ಡರ್ ಕರಗಿದಂತೆ ಕಂಡರೂ ಕಾಲಿಗೆ ಹಿಡಿಯುವುದಿಲ್ಲ, ಮೇಲೆ ಬೂದಿ ಬಣ್ಣದ ಉಂಡೆ ಕೂರುತ್ತದೆ. ಸರಿಯಾದ ಬೆಸುಗೆ ಹೊಳೆಯುತ್ತ ಕಾಲಿನ ಸುತ್ತ ಇಳಿಜಾರಾಗಿ ಹರಡಿರುತ್ತದೆ. ಬೆಳಿಗ್ಗೆ ವೋಲ್ಟೇಜ್ ಚಲೋ ಇದ್ದಾಗ ಕೂತು ಮಾಡಿ. ಕಂದು ಬೋರ್ಡಿನ ಮೇಲೆ ಒಂದು ಕಾಲಿಗೆ 3 ಸೆಕೆಂಡಿಗಿಂತ ಹೆಚ್ಚು ಐರನ್ ಇಡಬೇಡಿ, ತಾಮ್ರದ ಬಿಲ್ಲೆ ಕಿತ್ತು ಬರುತ್ತದೆ. ಬಳಸಿದ ಪೇಸ್ಟನ್ನು ಸ್ಪಿರಿಟ್ ಹಚ್ಚಿದ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ತೆಗೆಯಿರಿ. ಬಿಟ್ಟರೆ ಧೂಳು ಅಂಟಿ ಪಿನ್‌ಗಳ ನಡುವೆ ಸೋರಿಕೆಗೆ ದಾರಿಯಾಗುತ್ತದೆ.

ಬ್ಯಾಟರಿಗೆ ಬಂದರೆ, ಚೌಕ 9 ವೋಲ್ಟ್ ಬ್ಯಾಟರಿ ಇದಕ್ಕೆ ದುಬಾರಿ ಮೇವು. ಎಲ್‌ಇಡಿ ಆರಿದ್ದಾಗಲೂ ಎನ್‌ಇ555 ಒಂದೇ 5 ಮಿಲಿಆಂಪಿನಷ್ಟು ತಿನ್ನುತ್ತಿರುತ್ತದೆ. ಪ್ರದರ್ಶನದ ಒಂದು ದಿನಕ್ಕೆ ಸಾಕು, ಹತ್ತು ದಿನದ ಗಣಪತಿಗೆ ಸಾಲದು. ಆರು ಪೆನ್ಸಿಲ್ ಸೆಲ್ ಹಿಡಿಸುವ ಡಬ್ಬಿ ತೆಗೆದುಕೊಂಡರೆ ಅದೇ 9 ವೋಲ್ಟ್, ಬಾಳಿಕೆ ಎಷ್ಟೋ ಪಟ್ಟು. ಬ್ಯಾಟರಿ ಇಳಿಯುತ್ತಿರುವುದನ್ನು ನೀಲಿ ಎಲ್‌ಇಡಿಯೇ ಹೇಳುತ್ತದೆ. 7 ವೋಲ್ಟಿಗೆ ಬಂದರೆ ಎಮಿಟರಿನ ತುದಿ 3.3, ನೀಲಿಗೆ 1 ಮಿಲಿಆಂಪ್ ಸಿಕ್ಕರೆ ಹೆಚ್ಚು, ಕೆಂಪು ಮಾತ್ರ ಇನ್ನೂ ಏರಿಳಿಯುತ್ತಿರುತ್ತದೆ. ನೀಲಿ ಎಲ್‌ಇಡಿ ಸುಟ್ಟಿತೆಂದು ಕಿತ್ತು ಬದಲಿಸುವ ಮುಂಚೆ ಬ್ಯಾಟರಿ ಅಳೆಯಿರಿ. ಕ್ಲಿಪ್ಪಿನ ಕೆಂಪು ವೈರಿನಲ್ಲಿ ಒಂದು 1ಎನ್4007 ಡಯೋಡ್ ಹಾಕಿ, ಪಟ್ಟಿ ಇರುವ ತುದಿ ಬೋರ್ಡಿನ ಕಡೆಗೆ. ಮಕ್ಕಳು ಬ್ಯಾಟರಿ ಸಿಕ್ಕಿಸುವಾಗ ಒಮ್ಮೆ ಉಲ್ಟಾ ತಾಗಿಸಿದರೂ 555 ಉಳಿಯುತ್ತದೆ.

ಬಿಡಿಯಾಗಿ ಕೊಂಡರೆ ಈ ಸಾಮಾನು ಇಷ್ಟು ಬೆಲೆಯದಲ್ಲ, ನಿಜ. ಐಸಿ 10 ರೂಪಾಯಿ, ಟ್ರಾನ್ಸಿಸ್ಟರ್ 2, ಎಲ್‌ಇಡಿಗಳೂ ಒಂದೆರಡು ರೂಪಾಯಿಯವೇ. ಆದರೆ ಅಚ್ಚಾದ ಬೋರ್ಡ್, ಬೇಸ್, ಕ್ಲಿಪ್ ಎಲ್ಲ ಒಂದೇ ಪಾಕೀಟಿನಲ್ಲಿ ಸಿಗುತ್ತವೆ. ಸೇಡಂನಿಂದಲೋ ಆಳಂದದಿಂದಲೋ ಬಸ್ಸಿನಲ್ಲಿ ಬರುವ ವಿದ್ಯಾರ್ಥಿಗೆ ಅದು ದೊಡ್ಡ ಅನುಕೂಲ. ಐದರಲ್ಲಿ ಮೂರು ಅಂಕ ಕೊಡುತ್ತೇನೆ. ಕಡಿಮೆಯಾದ ಎರಡರಲ್ಲಿ ಒಂದು 5 ವೋಲ್ಟ್ ಎಂಬ ತಪ್ಪು ಅಚ್ಚಿಗೆ, ಇನ್ನೊಂದು ಆ ಒಂಟಿ ಟ್ರಾನ್ಸಿಸ್ಟರಿಗೆ. ಅಂಗಡಿಯವರು ಪಾಕೀಟು ಕೊಡುವಾಗ ಜೊತೆಗೆ ಇನ್ನೊಂದು ಬಿಸಿ547, ಒಂದು 104 ಬಿಲ್ಲೆ ಸೇರಿಸಿ 5 ರೂಪಾಯಿ ಹೆಚ್ಚು ತೆಗೆದುಕೊಂಡರೂ ಕೊಡುವವರು ಸಂತೋಷದಿಂದ ಕೊಟ್ಟಾರು.